ಐದನೆಯ ಸಂಯುಕ್ತದ ಕರಗುವ ಬಿಂದು

ಮಲೆನಾಡಿನ ಜುಲೈಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ನೀರಾಗಲು ಒಂದು ರಾತ್ರಿ ಸಾಕು. ಸಂಜೆ, ಫ್ಲಾಸ್ಕಿಗೆ ತೇವ ಹೋಗದಂತೆ ತಡೆಯುವ ಗಾರ್ಡ್ ಟ್ಯೂಬಿಗೆ ಬೆಳ್ಳನೆಯ ಹರಳು ತುಂಬಿ, ತುದಿಗೆ ಹತ್ತಿ ತುರುಕಿ, ದೀಪ ಆರಿಸಿ ಮನೆಗೆ ಹೋಗಿರುತ್ತೇವೆ. ಬೆಳಿಗ್ಗೆ ಬಂದು ನೋಡಿದರೆ ಗಾಳಿಯ ಪಸೆಯನ್ನೆಲ್ಲ ಕುಡಿದು ಅಂಟಂಟಾಗಿ ಕೊಳವೆಯ ಬಾಯಿಗೆ ಇಳಿದಿರುತ್ತದೆ. ಟಿಎಲ್‌ಸಿ ಪ್ಲೇಟಿನದೂ (ವಸ್ತುಗಳನ್ನು ಬೇರ್ಪಡಿಸಿ ನೋಡುವ, ಸಿಲಿಕಾ ಬಳಿದ ತಟ್ಟೆ) ಇದೇ ಕಥೆ. ಸಿಲಿಕಾ ತೇವ ಹಿಡಿದರೆ ವಸ್ತುವನ್ನು ಹಿಡಿದಿಡುವ ಬಲ ಕಳೆದುಕೊಳ್ಳುತ್ತದೆ. ಮಾರ್ಚ್‌ನಲ್ಲಿ ಅರ್ಧಕ್ಕೆ ನಿಲ್ಲುತ್ತಿದ್ದ ಚುಕ್ಕೆ ಜುಲೈಯಲ್ಲಿ ಮುಕ್ಕಾಲಿಗೆ ಏರಿ ಕೂತಿರುತ್ತದೆ. ಹೊಸದಾಗಿ ಸೇರಿದ ಹುಡುಗರು ಗಾಬರಿಯಾಗಿ ಓಡಿ ಬರುತ್ತಾರೆ. "ಮೇಡಂ, ಕಾಂಪೌಂಡೇ ಬೇರೆ ಬಂದಂಗಿದೆ." ಬೇರೆಯೇನೂ ಬಂದಿರುವುದಿಲ್ಲ. ಪ್ಲೇಟನ್ನು ಓವನ್ನಿನಲ್ಲಿ ಒಣಗಿಸಿ, ಹಳೆಯ ಸ್ಯಾಂಪಲ್ಲನ್ನೂ ಹೊಸದನ್ನೂ ಅಕ್ಕಪಕ್ಕ ಚುಕ್ಕೆ ಇಟ್ಟು ಓಡಿಸಿದರೆ ಎರಡೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ.

ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ಬೇಯಿಸಿ ಒಣಗಿಸುವ ಮನೆಯಲ್ಲಿ ಹುಟ್ಟಿದವಳಿಗೆ ತೇವದ ಜೊತೆಗಿನ ಜಗಳ ಹೊಸದೇನಲ್ಲ. ಮೂವತ್ತು ವರ್ಷ ಶಿವಮೊಗ್ಗದಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸಿದೆ, ಲ್ಯಾಬ್ ನಡೆಸಿದೆ, ಕೈಗೆಟುಕಿದಷ್ಟು ಪೇಪರ್ ಬರೆದೆ. ಈಗ ನಿವೃತ್ತಿಯಾಗಿ ಊರಿನ ಮನೆಯಲ್ಲಿದ್ದೇನೆ. ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಳೆಯಲ್ಲೇ ಬಸ್ಸು ಹತ್ತಿ ಬಂದಿದ್ದಳು. ಈಗ ಅವಳೇ ಒಂದು ಕಾಲೇಜಿನಲ್ಲಿ ಮೇಡಂ. ಬಡ್ತಿಗೆ ಅರ್ಜಿ ತುಂಬುತ್ತಿದ್ದಳು. ಒಂದು ಕಾಲಂನಲ್ಲಿ ಒಟ್ಟು ಸೈಟೇಷನ್, ಅಂದರೆ ಬೇರೆ ಪೇಪರುಗಳು ಅವಳ ಪೇಪರುಗಳನ್ನು ಉಲ್ಲೇಖಿಸಿದ ಲೆಕ್ಕ; ಇನ್ನೊಂದರಲ್ಲಿ ಆ ಉಲ್ಲೇಖಗಳಿಂದ ಸಂಶೋಧಕರಿಗೆ ಕಟ್ಟುವ ಅಂಕ ಎಚ್-ಇಂಡೆಕ್ಸ್; ಮತ್ತೊಂದರಲ್ಲಿ ಜರ್ನಲ್ಲಿಗೆ ಕಟ್ಟುವ ಅಂಕ ಇಂಪ್ಯಾಕ್ಟ್ ಫ್ಯಾಕ್ಟರ್. ಕಾಫಿ ಲೋಟ ಕೆಳಗಿಟ್ಟು ಕೇಳಿದಳು: "ನನ್ನ ಎಚ್ ಐದು ಮೇಡಂ. ಹತ್ತು ವರ್ಷದ ಕೆಲಸ ಅಂದ್ರೆ ಇಷ್ಟೇನಾ?"

ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ಊಟ ಮಾಡಿಕೊಂಡು ಹೋಗು" ಅಂದೆ. ಅವಳು ಹೋದ ಮೇಲೆ ಬರೆಯಲು ಕೂತದ್ದು ಇದು.

ನಾವು ಪಿಎಚ್‌ಡಿ ಮಾಡುವಾಗ ಸೈಟೇಷನ್ ಅನ್ನುವ ಮಾತು ಬಾಯಲ್ಲಿ ಇರಲಿಲ್ಲ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾದದ್ದು 1987ರಲ್ಲಿ. ಭದ್ರಾ ಕಾಡಿನ ಅಂಚಿನ ಆ ಕ್ಯಾಂಪಸ್ಸು ಇನ್ನೂ ಹೊಸತಾಗಿತ್ತು. ಒಂದು ವಸ್ತುವನ್ನು ಹಿಂದೆ ಯಾರಾದರೂ ಮಾಡಿದ್ದಾರೆಯೇ ಎಂದು ತಿಳಿಯಬೇಕಾದರೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಐಐಎಸ್‌ಸಿ ಲೈಬ್ರರಿಯಲ್ಲಿ ಕೆಮಿಕಲ್ ಆಬ್‌ಸ್ಟ್ರ್ಯಾಕ್ಟ್ಸ್‌ನ ದಪ್ಪ ಸಂಪುಟಗಳನ್ನು ಒಂದೊಂದಾಗಿ ಇಳಿಸಿ ನೋಡಬೇಕು. 1907ರಿಂದ ಬಂದ ಸಂಪುಟಗಳವು. ಸಂಜೆಯ ಹೊತ್ತಿಗೆ ಬೆರಳ ತುದಿ ಕಪ್ಪಾಗಿರುತ್ತಿತ್ತು. ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ಗೂ ಅಲ್ಲಿಗೇ ಹೋಗಬೇಕು. ಪುಟ್ಟ ಸೀಸೆಗಳಿಗೆ ಚೀಟಿ ಅಂಟಿಸಿ, ಕರವಸ್ತ್ರದಲ್ಲಿ ಸುತ್ತಿ, ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಹೋಗುತ್ತಿದ್ದೆ.

ನಮ್ಮ ಪೇಪರನ್ನು ಯಾರೋ ಓದಿದ್ದಾರೆ ಎಂದು ಗೊತ್ತಾಗುತ್ತಿದ್ದದ್ದು ಅಂಚೆಯವನಿಂದ. ರೀಪ್ರಿಂಟ್ ಕಾರ್ಡು ಅಂತ ಬರುತ್ತಿತ್ತು. ಪೋಸ್ಟ್‌ಕಾರ್ಡ್ ಅಳತೆಯದು, "ನಿಮ್ಮ ಇಂಥ ಪ್ರಬಂಧದ ಒಂದು ಪ್ರತಿ ಕಳಿಸಿಕೊಟ್ಟರೆ ಉಪಕಾರ" ಎಂದು ಅಚ್ಚು ಮಾಡಿರುತ್ತಿದ್ದರು, ನಡುವೆ ಪೇಪರಿನ ಹೆಸರನ್ನು ಟೈಪ್ ಮಾಡಿರುತ್ತಿತ್ತು. ಪೋಲೆಂಡಿನಿಂದ ಬಂದ ಒಂದು ಕಾರ್ಡನ್ನು ಅಪ್ಪ ಊರಿನ ನಾಲ್ಕು ಮನೆಗೆ ತೋರಿಸಿಕೊಂಡು ಬಂದಿದ್ದರು. ಅಂಚೆಚೀಟಿ ತಮ್ಮನ ಪಾಲಾಯಿತು. ಕಾರ್ಡು ಈಗಲೂ ನನ್ನ ಹತ್ತಿರ ಇದೆ.

1997ರ ಮಳೆಗಾಲದಲ್ಲಿ ಬಂದದ್ದು ಕಾರ್ಡಲ್ಲ, ಪತ್ರ. ಬೇರೆ ರಾಜ್ಯದ ಒಬ್ಬ ಸಂಶೋಧನಾ ವಿದ್ಯಾರ್ಥಿ ಎರಡು ಪುಟ ಕೈಯಲ್ಲಿ ಬರೆದಿದ್ದ. ಬಹಳ ವಿನಯದ ಪತ್ರ. ನಮ್ಮ ಪೇಪರಿನಲ್ಲಿದ್ದ ಐದನೆಯ ಸಂಯುಕ್ತವನ್ನು ನಾವು ಬರೆದ ಹಾಗೆಯೇ ಮಾಡಿದ್ದಾನೆ, ಮೂರು ಸಲ ಮಾಡಿದ್ದಾನೆ. ನಾವು ಕೊಟ್ಟಿದ್ದ ಕರಗುವ ಬಿಂದು 162–164 ಡಿಗ್ರಿ, ಅವನಿಗೆ ಮೂರು ಸಲವೂ ಸಿಕ್ಕಿದ್ದು 118–120. "ನನ್ನಿಂದ ಎಲ್ಲಿ ತಪ್ಪಾಗಿದೆ ಎಂದು ದಯವಿಟ್ಟು ತಿಳಿಸಬೇಕು" ಎಂದು ಕೊನೆಗೆ ಬರೆದಿದ್ದ.

ತಪ್ಪು ಅವನದಾಗಿರಲಿಲ್ಲ.

ರಸಾಯನಶಾಸ್ತ್ರ ಓದದವರಿಗೂ ಇದನ್ನು ಬಿಡಿಸಿ ಹೇಳಬೇಕು ಅನ್ನಿಸುತ್ತದೆ. ಚಾಲ್ಕೋನ್ ಅಂತ ಹಳದಿ ಬಣ್ಣದ ಒಂದು ಬಗೆಯ ಸಂಯುಕ್ತಗಳಿವೆ. ಅವನ್ನು ಹೈಡ್ರಜೀನ್ ಜೊತೆ ಕುದಿಸಿದರೆ ಹಳದಿ ಮೆಲ್ಲಗೆ ಮಾಸಿ ಪೈರಜೋಲಿನ್ ಎನ್ನುವ ಐದು ಮೂಲೆಯ ಉಂಗುರ ಕಟ್ಟಿಕೊಳ್ಳುತ್ತದೆ. ಕುದಿಸುವುದು ಯಾವುದರಲ್ಲಿ ಅನ್ನುವುದೇ ಇಲ್ಲಿ ಮುಖ್ಯ. ಎಥನಾಲಿನಲ್ಲಿ ಕುದಿಸಿದರೆ ಉಂಗುರದ ಒಂದು ನೈಟ್ರೋಜನ್ ಮೇಲೆ ಬರೀ ಒಂದು ಹೈಡ್ರೋಜನ್ ಉಳಿಯುತ್ತದೆ. ಅಸಿಟಿಕ್ ಆಮ್ಲದಲ್ಲಿ ಕುದಿಸಿದರೆ ಆ ಆಮ್ಲವೇ ಬಂದು ನೈಟ್ರೋಜನ್ ಮೇಲೆ ಅಸಿಟೈಲ್ ಗುಂಪಾಗಿ ಕೂರುತ್ತದೆ. ಎರಡೂ ಬೇರೆ ಬೇರೆ ವಸ್ತು. ಕರಗುವ ಬಿಂದು ಬೇರೆ, ಎನ್‌ಎಂಆರ್ ಬೇರೆ. ಎರಡನೆಯದರಲ್ಲಿ ಆ ಅಸಿಟೈಲಿನ ಮೂರು ಹೈಡ್ರೋಜನ್‌ಗಳು ನಕ್ಷೆಯ 2.4ರ ಆಸುಪಾಸಿನಲ್ಲಿ ಒಂದೇ ಚೂಪು ಗೆರೆಯಾಗಿ ಎದ್ದು ನಿಲ್ಲುತ್ತವೆ, ಕಣ್ಣು ತಪ್ಪುವ ಹಾಗೇ ಇಲ್ಲ.

ಲ್ಯಾಬಿನ ಹಳೆಯ ನೋಟ್‌ಬುಕ್ ತೆಗೆದೆ. ನನ್ನದೇ ಕೈಬರಹ, ನೀಲಿ ಶಾಯಿ. ಒಂದರಿಂದ ನಾಲ್ಕರವರೆಗೆ ಎಥನಾಲ್. ಐದು ಮತ್ತು ಆರಕ್ಕೆ ಅಸಿಟಿಕ್ ಆಮ್ಲ. ಪೇಪರ್ ಬರೆಯುವಾಗ ಆರಕ್ಕೂ ಸೇರಿಸಿ ಒಂದೇ "ಸಾಮಾನ್ಯ ವಿಧಾನ" ಬರೆದಿದ್ದೆ: ಎಥನಾಲಿನಲ್ಲಿ ಆರು ಗಂಟೆ ಕುದಿಸಿ. ರಚನೆಯ ಚಿತ್ರ ಸರಿಯಿತ್ತು, ಕರಗುವ ಬಿಂದು ಸರಿಯಿತ್ತು, ಎನ್‌ಎಂಆರ್ ಸರಿಯಿತ್ತು. ಮಾಡುವ ಬಗೆಯೇ ತಪ್ಪಿತ್ತು. ಅಚ್ಚಿಗೆ ಮೊದಲು ಪೇಪರ್ ಪರಿಶೀಲಿಸುವ ರೆಫರಿಗಳಿಗೂ ಕಂಡಿರಲಿಲ್ಲ. ಆ ಹುಡುಗ ನನ್ನ ಒಂದು ಸಾಲನ್ನು ನಂಬಿ ಮೂರು ವಾರ ಕಳೆದುಕೊಂಡಿದ್ದ. ಅವನ ಫೆಲೋಶಿಪ್ಪಿನ ಹಣದಲ್ಲಿ ಕೊಂಡ ಸಾಲ್ವೆಂಟು, ಅವನ ಗೈಡಿನ ಮುಂದೆ ಅವನು ತಗ್ಗಿಸಿದ ತಲೆ, ಇವೆಲ್ಲ ನನ್ನ ಲೆಕ್ಕಕ್ಕೆ ಬರಬೇಕಾದವು. ಅವತ್ತೇ ಉತ್ತರ ಬರೆದೆ, ಜರ್ನಲ್ಲಿಗೆ ತಿದ್ದುಪಡಿ ಕಳಿಸಿದೆ. ಆರು ಸಾಲಿನ ತಿದ್ದುಪಡಿ ಮುಂದಿನ ವರ್ಷ ಒಂದು ಪುಟದ ಕೆಳಗೆ ಅಚ್ಚಾಯಿತು.

ಈ ಘಟನೆಯಾಗಿ ಎಷ್ಟೋ ವರ್ಷದ ಮೇಲೆ ಯೂಜೀನ್ ಗಾರ್ಫೀಲ್ಡ್ ಬರೆದದ್ದನ್ನು ಓದಿದೆ. ಇವತ್ತು ನಾವು ಸೈಟೇಷನ್ ಎಣಿಸುವ ಪದ್ಧತಿಯ ಮೂಲಪುರುಷ ಆತ. ಓದಿದ್ದು ರಸಾಯನಶಾಸ್ತ್ರ, ಪಿಎಚ್‌ಡಿ ಮಾಡಿದ್ದು ಭಾಷಾಶಾಸ್ತ್ರದಲ್ಲಿ, ರಾಸಾಯನಿಕಗಳ ಹೆಸರಿನಿಂದ ಅವುಗಳ ಅಣುಸೂತ್ರವನ್ನು ಯಂತ್ರದ ಕೈಯಲ್ಲಿ ಹೊರಡಿಸುವುದು ಹೇಗೆ ಎನ್ನುವುದರ ಮೇಲೆ. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆತ ಉಲ್ಲೇಖಗಳ ಸೂಚಿಯೊಂದು ಬೇಕು ಎಂದು ಬರೆದ. ಮಾದರಿ ತೆಗೆದುಕೊಂಡದ್ದು ಅಮೆರಿಕದ ವಕೀಲರಿಂದ. ಒಂದು ಹಳೆಯ ತೀರ್ಪು ಇವತ್ತಿಗೂ ನಿಲ್ಲುತ್ತದೆಯೇ, ಆಮೇಲಿನ ಯಾವ ಕೋರ್ಟು ಅದನ್ನು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ಹುಡುಕಿಕೊಳ್ಳಲು ಅವರ ಬಳಿ 1873ರಿಂದ ಶೆಪರ್ಡ್ಸ್ ಎಂಬ ಸೂಚಿ ಇತ್ತು. ವಿಜ್ಞಾನಕ್ಕೂ ಅಂಥದ್ದು ಬೇಕು, ಒಂದು ಪೇಪರನ್ನು ಆಮೇಲೆ ಯಾರು ಟೀಕಿಸಿದರು, ಯಾರು ತಿದ್ದಿದರು ಎನ್ನುವುದು ಓದುವವನಿಗೆ ಸಿಗಬೇಕು, ಸುಳ್ಳು ಅಥವಾ ಅರೆಬರೆ ಮಾಹಿತಿಯನ್ನು ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪಬೇಕು ಎಂಬುದು ಆತನ ವಾದ. 1964ರಲ್ಲಿ ಫಿಲಡೆಲ್ಫಿಯಾದ ಆತನ ಸಂಸ್ಥೆ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರತಂದಿತು.

ಅದನ್ನು ಓದಿದ ದಿನ ನಾನು ಎದ್ದು ಹೋಗಿ ಆ ಹುಡುಗನ ಪತ್ರವನ್ನು ಮತ್ತೆ ತೆಗೆದು ನೋಡಿದೆ. ನನ್ನ ಪೇಪರಿನಿಂದ ಹೊರಟ ದಾರಿಯಲ್ಲಿ ಬಂದವನಿಗೆ ಆ ತಿದ್ದುಪಡಿ ಎದುರಾಗಬೇಕು. ಸೂಚಿ ಹುಟ್ಟಿದ್ದು ಇದಕ್ಕೆ. ನಾವು ಅದನ್ನು ಅಂಕಪಟ್ಟಿ ಮಾಡಿಕೊಂಡೆವು.

ಅಂಕ ಕೊಡುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಎಚ್-ಇಂಡೆಕ್ಸ್ ಸೂಚಿಸಿದಾಗ ಅದರಲ್ಲಿ ಒಂದು ನ್ಯಾಯ ಇತ್ತು. ಒಬ್ಬರ ಹತ್ತು ಪೇಪರುಗಳಿಗೆ ತಲಾ ಹತ್ತಾದರೂ ಉಲ್ಲೇಖ ಇದ್ದರೆ ಎಚ್ ಹತ್ತು. ಯಾವುದೋ ಒಂದು ಪೇಪರಿಗೆ ಸಾವಿರ ಬಂದು ಉಳಿದವಕ್ಕೆ ಏನೂ ಇಲ್ಲದಿದ್ದರೆ ಎಚ್ ಒಂದೇ. ಶಿಫಾರಸು, ಪರಿಚಯ, ಊರು, ಜಾತಿ ನೋಡಿ ತೂಗುವ ಕಡೆ ಇಂಥ ಒಂದು ಸಂಖ್ಯೆ ಬಡವರ ಮಕ್ಕಳಿಗೆ ಆಸರೆಯೂ ಆಗಿದೆ. ನನ್ನ ಕಣ್ಣೆದುರೇ ಆಗಿದೆ. ಸ್ಟ್ಯಾನ್‌ಫರ್ಡಿನ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ಉಲ್ಲೇಖಗಳ ದತ್ತಾಂಶದಿಂದ ತಯಾರಿಸುವ, ಜಗತ್ತಿನ ಮೇಲಿನ ಶೇ 2ರ ವಿಜ್ಞಾನಿಗಳ ಪಟ್ಟಿ ಬಂದಾಗ ನಮ್ಮ ಜಿಲ್ಲೆಯ ಅಧ್ಯಾಪಕರ ಫೋಟೋ ಪತ್ರಿಕೆಯಲ್ಲಿ ಕಂಡರೆ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದು ಮಾಡಿದ ಲೆಕ್ಕವನ್ನೂ ಆ ಪಟ್ಟಿ ಬೇರೆಯಾಗಿ ಕೊಡುತ್ತದೆ. ಪತ್ರಿಕೆಗಳು ಅದನ್ನೂ ಬರೆಯಬೇಕು.

ಆದರೆ ಒಂದು ಮಳೆಗಾಲ ಕೂತು ನನ್ನ ಆ ಪೈರಜೋಲಿನ್ ಪೇಪರಿನ ಉಲ್ಲೇಖಗಳನ್ನೆಲ್ಲ ಒಂದೊಂದಾಗಿ ತೆರೆದು ಓದಿದೆ. ನನ್ನ ಪೇಪರುಗಳಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದದ್ದು ಅದೇ. ಅರವತ್ತಕ್ಕೂ ಹೆಚ್ಚಿದ್ದವು. ಬಹುಪಾಲು ಉಲ್ಲೇಖಗಳು ಪೀಠಿಕೆಯ ಮೊದಲ ವಾಕ್ಯದಲ್ಲೇ ಮುಗಿದಿದ್ದವು: ಪೈರಜೋಲಿನ್‌ಗಳಿಗೆ ಔಷಧೀಯ ಮಹತ್ವ ಇದೆ, ಒಂದರಿಂದ ಹದಿನೈದರವರೆಗಿನ ಉಲ್ಲೇಖಗಳನ್ನು ನೋಡಿ. ಆ ಹದಿನೈದರ ರಾಶಿಯಲ್ಲಿ ನಾನೂ ಒಬ್ಬಳು. ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಎತ್ತಿಕೊಂಡದ್ದು ಪುಟಸಂಖ್ಯೆಯ ತಪ್ಪಿನಿಂದಲೇ ಗೊತ್ತಾಗುತ್ತಿತ್ತು. ಒಬ್ಬರು ಮಾಡಿದ ತಪ್ಪು ಆರು ಪೇಪರುಗಳಲ್ಲಿ ಹಾಗೇ ಸಾಗಿಬಂದಿತ್ತು. ನಿಜವಾಗಿ ಫ್ಲಾಸ್ಕ್ ಹಿಡಿದು ನನ್ನ ಸಂಯುಕ್ತ ಮಾಡಿದವರು ಐದೇ ಗುಂಪು. ಅದರಲ್ಲಿ ನಾಲ್ಕು ಗುಂಪು ತಿದ್ದುಪಡಿಯನ್ನೂ ಸೇರಿಸಿ ಉಲ್ಲೇಖಿಸಿತ್ತು. ಐದನೆಯವರು ಅದನ್ನು ನೋಡಿರಲಿಲ್ಲ. "ವರದಿಯಾದ ವಿಧಾನದಿಂದ ಈ ವಸ್ತು ಬರುವುದಿಲ್ಲ" ಎಂದು ಒಂದು ಸಾಲು ಬರೆದಿದ್ದರು. ಓದಿ ಕಿವಿ ಬಿಸಿಯಾಯಿತು. ಆದರೂ ಉಳಿದ ಐವತ್ತಕ್ಕಿಂತ ಆ ಒಂದು ಸಾಲಿನ ಮೇಲೆ ನನಗೆ ಗೌರವ ಹೆಚ್ಚು. ಅವರು ಮಾಡಿ ನೋಡಿದ್ದರು.

ಉಪ್ಪಾಗೆಯ ವಿಷಯ ಹೇಳದೆ ಇದನ್ನು ಮುಂದುವರಿಸಲಾರೆ. ನಮ್ಮ ಮನೆಯ ಹಿಂದಿನ ಕಾಡಿನಲ್ಲಿ ಉಪ್ಪಾಗೆ ಮರಗಳಿವೆ, ಮುರುಗಲಿನ ಬಳಗದ್ದೇ ಮರ. ಮಳೆಗಾಲದಲ್ಲೇ ಹಣ್ಣಾಗುತ್ತದೆ. ಬಿಸಿಲು ಇಲ್ಲವಲ್ಲ, ಸಿಪ್ಪೆಯನ್ನು ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಬೇಕು. ಕಪ್ಪಗೆ, ತೊಗಲಿನ ಹಾಗೆ ಮುದುಡಿಕೊಳ್ಳುತ್ತದೆ. ಒಂದು ಚೂರು ಬಾಯಿಗೆ ಹಾಕಿದರೆ ಹಲ್ಲೆಲ್ಲ ಚುಳ್ ಅನ್ನುತ್ತದೆ. ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಆ ಹುಳಿ ಯಾವ ಆಮ್ಲದ್ದು? ಟಾರ್ಟಾರಿಕ್, ಸಿಟ್ರಿಕ್ ಎಂದು ಹಿಂದಿನವರು ಬರೆದಿದ್ದರು. 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬಿಬ್ಬರು ಅದು ಎರಡೂ ಅಲ್ಲ ಎಂದು ತೋರಿಸಿದರು. ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್. ಸಿಟ್ರಿಕ್ ಆಮ್ಲಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಸೇರಿದ್ದು. ಅಷ್ಟೇ ವ್ಯತ್ಯಾಸ. ಹಳೆಯ ತಪ್ಪೊಂದನ್ನು ತಿದ್ದಿದ, ಅಬ್ಬರವಿಲ್ಲದ ಪೇಪರು.

1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಗುಂಪಿನವರು ಈ ಆಮ್ಲ ದೇಹದಲ್ಲಿ ಕೊಬ್ಬು ಕಟ್ಟುವ ದಾರಿಯ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಕಂಡುಕೊಂಡರು. ಅಲ್ಲಿಂದ ಪೇಪರಿನ ಮೇಲೆ ಪೇಪರು. 1990ರ ದಶಕದಲ್ಲಿ ಅದು ತೂಕ ಇಳಿಸುವ ಮಾತ್ರೆಯಾಗಿ ವಿದೇಶದ ಅಂಗಡಿಗಳನ್ನು ತುಂಬಿತು. ಆ ಹೊತ್ತಿಗೆ ನಮ್ಮೂರಿಗೆ ಜೀಪು ಬರಲು ಶುರುವಾಯಿತು. ಯಾರೂ ಕೇಳದಿದ್ದ ಉಪ್ಪಾಗೆ ಸಿಪ್ಪೆಗೆ ದರ ಕಟ್ಟಿದರು. ಮೊದಮೊದಲು ಬಿದ್ದ ಹಣ್ಣು ಆರಿಸುತ್ತಿದ್ದ ಜನ ಆಮೇಲೆ ಪೈಪೋಟಿಗೆ ಬಿದ್ದು ಕಾಯಿಗೇ ಕೈ ಹಾಕಿದರು, ಕೊಂಬೆ ಕಡಿದು ಕೆಡವಿದರು. ಒಣಗಿಸಲು ಕಾಡಿನದೇ ಸೌದೆ. ಕೂಲಿಯಿಲ್ಲದ ಮಳೆಗಾಲದಲ್ಲಿ ಅದೆಷ್ಟೋ ಮನೆಗಳಿಗೆ ಆ ದುಡ್ಡು ಅಕ್ಕಿಯಾಯಿತು, ಅದನ್ನೂ ಮರೆಯಬಾರದು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು: ಮಾತ್ರೆ ನುಂಗಿದವರಿಗೂ ಬರೀ ಹುಸಿ ಮಾತ್ರೆ ನುಂಗಿದವರಿಗೂ ತೂಕ ಇಳಿದುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ಇದನ್ನೆಲ್ಲ ಅಮ್ಮನಿಗೆ ಒಂದು ಸಂಜೆ ಹೇಳಿದೆ. ಜಗುಲಿಯಲ್ಲಿ ಕೂತು ಅಡಿಕೆ ಹಾಳೆ ಕತ್ತರಿಸುತ್ತಿದ್ದರು. ಕತ್ತಿ ನಿಲ್ಲಿಸಿ ಕೇಳಿದರು: "ಹಂಗಾರೆ ನೀವೆಲ್ಲ ಬರ್ದಿದ್ದಕ್ಕೇ ನಮ್ಮ ಮರಕ್ಕೆ ಈ ಗತಿ ಬಂತಾ ಮಾರಾಯ್ತಿ?"

ಮೈಸೂರಿನ ಆ ಇಬ್ಬರು ಮಾಡಿದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಅವರು ಬರೆದದ್ದು ನಿಜ, ಇವತ್ತಿಗೂ ನಿಜ. ಆದರೆ ಅಮ್ಮನ ಪ್ರಶ್ನೆಗೆ ನಾನು ಇಲ್ಲ ಎನ್ನಲಿಲ್ಲ. ಪೇಪರು ಹೊರಟ ಮೇಲೆ ಅದು ಯಾರ ಕೈಗೆ ಹೋಗುತ್ತದೆ, ಯಾವ ಮರದ ಬುಡಕ್ಕೆ ಬರುತ್ತದೆ ಎನ್ನುವುದನ್ನು ಸೈಟೇಷನ್ ಕಾಲಂ ಹೇಳುವುದಿಲ್ಲ. ಉಪ್ಪಾಗೆಯ ಕೊಂಬೆ ಕಡಿದ ಯಾರೂ ಆ ಪೇಪರನ್ನು ಉಲ್ಲೇಖಿಸಲಿಲ್ಲ.

ಒಳ್ಳೆಯದೂ ಹಾಗೆಯೇ ಹೆಸರಿಲ್ಲದೆ ಬರುತ್ತದೆ. ನಮ್ಮ ಅಡಿಕೆ ತೋಟಗಳಿಗೆ ಕೊಳೆರೋಗ ಹಳೆಯ ಶತ್ರು. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಶಿಲೀಂಧ್ರ ಮತ್ತು ಕೀಟ ತಜ್ಞನಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಈಗ ಮುಂಗಾರಿನ ಹೊತ್ತಿಗೆ ತಮ್ಮ ಡ್ರಮ್ಮಿನಲ್ಲಿ ಆ ನೀಲಿ ಕಲಕುತ್ತಾನೆ. ಕಲಕಿ, ಉಜ್ಜಿ ಬೆಳಗಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನೊಂದು ಬೊಗಸೆ. ಕೆಂಪು ಇಲ್ಲದಿದ್ದರೆ ಔಷಧಿ ಹೊಡೆಯುವವರನ್ನು ಕರೆಯುತ್ತಾನೆ. ಕೋಲ್ಮನ್ ಹೆಸರು ಅವನಿಗೆ ಗೊತ್ತಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದರು: ಒಂದು ಜ್ಞಾನ ಎಲ್ಲರಲ್ಲೂ ಬೆರೆತುಹೋದಷ್ಟೂ ಅದನ್ನು ಕೊಟ್ಟವರ ಹೆಸರು ಅಳಿಸಿಹೋಗುತ್ತದೆ, ಉಲ್ಲೇಖ ನಿಲ್ಲುತ್ತದೆ.

ಕೆಲವು ಪೇಪರುಗಳಿಗೆ ಇದಕ್ಕೆ ತದ್ವಿರುದ್ಧವಾದದ್ದೂ ಆಗಿದೆ. ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರೋಟೀನ್ ಅಳೆಯುವ ಒಂದು ವಿಧಾನ ಬರೆದರು; 2014ರ ಹೊತ್ತಿಗೆ ಅದಕ್ಕೆ ಮೂರು ಲಕ್ಷ ದಾಟಿ ಉಲ್ಲೇಖಗಳಾಗಿದ್ದವು. ಅದೂ ಬೆಂಚಿನ ಮೇಲೆ ಮಾಡುವ ಕೆಲಸದ ಪೇಪರೇ. ಇಟಲಿಯ ಬಿಜಿನೆಲ್ಲಿ 1890ರ ದಶಕದ ಆರಂಭದಲ್ಲಿ ಮೂರು ವಸ್ತುಗಳನ್ನು ಒಂದೇ ಪಾತ್ರೆಯಲ್ಲಿ ಕುದಿಸಿ ಮಾಡಿದ ಕ್ರಿಯೆಯೊಂದು ಹೆಚ್ಚುಕಡಿಮೆ ನೂರು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಔಷಧಿ ಹುಡುಕುವವರು ಅದನ್ನು ಎತ್ತಿಕೊಂಡ ಮೇಲೆ ಇವತ್ತು ನಮ್ಮ ಎಂಎಸ್ಸಿ ಮಕ್ಕಳೂ ಮಾಡುತ್ತಾರೆ. ಬಡ್ತಿಯ ಅರ್ಜಿಗೆ ಅಷ್ಟು ಕಾಯುವ ತಾಳ್ಮೆ ಇರುವುದಿಲ್ಲ.

ನನ್ನ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಕಾಲಂ ತುಂಬು, ಐದು ಅಂದರೆ ಐದು ಅಂತಲೇ ಬರೆ ಅಂದೆ. ಆಮೇಲೆ ಕೇಳಿದೆ, ನಿನ್ನ ಪೇಪರಿನದನ್ನು ಮಾಡಿ ನೋಡಿದವರು ಯಾರಾದರೂ ಬರೆದಿದ್ದಾರಾ? ಸ್ವಲ್ಪ ಹೊತ್ತು ಸುಮ್ಮನಿದ್ದಳು. ವಿಯೆಟ್ನಾಂನಿಂದ ಒಬ್ಬರು ಈಮೇಲ್ ಮಾಡಿದ್ದರಂತೆ, ಎರಡನೆಯ ಹಂತದಲ್ಲಿ ಎಣ್ಣೆಯ ಹಾಗೆ ಬರುತ್ತಿದೆ, ಹರಳಾಗುತ್ತಿಲ್ಲ, ಏನು ಮಾಡಲಿ ಎಂದು. "ಗಾಜಿನ ಕಡ್ಡಿಯಲ್ಲಿ ಫ್ಲಾಸ್ಕಿನ ಗೋಡೆ ಕೆರೆದು ಫ್ರಿಜ್ಜಲ್ಲಿ ಇಡಿ ಅಂತ ಬರ್ದೆ ಮೇಡಂ. ನೀವು ಹೇಳಿಕೊಟ್ಟಿದ್ದೇ ಅದು." ಹರಳು ಬಂತಂತಾ ಎಂದು ಕೇಳಿದೆ. "ಬಂತಂತೆ. ಫೋಟೋ ಕಳಿಸಿದ್ರು."

ಮೊನ್ನೆ ಅವಳ ಲ್ಯಾಬಿಗೆ ಹೋಗಿದ್ದೆ. ಅವಳ ಹತ್ತಿರ ಹೊಸದಾಗಿ ಸೇರಿದ ಒಬ್ಬ ಹುಡುಗನಿಗೆ ನನ್ನ ಐದನೆಯ ಸಂಯುಕ್ತ ಬೇಕಾಗಿತ್ತು. ನಾನು ಹಳೆಯ ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋಗಿದ್ದೆ. ನೀಲಿ ಶಾಯಿ ಅಂಚಿನಲ್ಲಿ ಸ್ವಲ್ಪ ಹರಡಿದೆ, ಅಸಿಟಿಕ್ ಆಮ್ಲ ಅನ್ನುವುದು ಸ್ಪಷ್ಟವಾಗಿದೆ. ಅವನು ತಿದ್ದುಪಡಿಯ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ತಾಳೆ ನೋಡಿದ. ಹಿಂದಿನ ದಿನ ಮಾಡಿಟ್ಟ ಹರಳನ್ನು ಕ್ಯಾಪಿಲರಿಯ ಬಾಯಿಗೆ ಒತ್ತಿ, ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ತಳಕ್ಕಿಳಿಸಿ, ಉಪಕರಣದಲ್ಲಿಟ್ಟ. ನಾವು ಮೂವರೂ ಬಗ್ಗಿ ನಿಂತೆವು. ಹೊರಗೆ ಮಳೆ ಜೋರಾಗಿತ್ತು. ನೂರ ಹದಿನೆಂಟು ದಾಟಿತು, ಏನೂ ಆಗಲಿಲ್ಲ. ನೂರ ಐವತ್ತು. ಅಲ್ಲಿಂದ ಕಾವು ತಗ್ಗಿಸು, ನಿಮಿಷಕ್ಕೆ ಎರಡು ಡಿಗ್ರಿ ಸಾಕು ಎಂದೆ. ನೂರ ಅರವತ್ತರಲ್ಲಿ ಹರಳಿನ ಅಂಚು ಬೆವರಿದ ಹಾಗೆ ಕಂಡಿತು.

"ನೂರ ಅರವತ್ತೆರಡು ಮೇಡಂ," ಹುಡುಗ ಲೆನ್ಸಿನಿಂದ ಕಣ್ಣು ತೆಗೆಯದೆಯೇ ಹೇಳಿದ. "ಕರಗ್ತಾ ಇದೆ."